ನೀಲವ್ವನ ಹಗ್ಗ

ಏಳನೆಯ ಇಯತ್ತೆಯ ಕನ್ನಡ ಪುಸ್ತಕದಲ್ಲಿ ಒಬ್ಬ ಹುಡುಗಿ ಹೊಳೆಯ ದಂಡೆಯ ಮೇಲೆ ನಿಂತುಬಿಟ್ಟಿದ್ದಳು. ಹೆಸರು ನೀಲವ್ವ, ಅಂಬಿಗರ ಮಗಳು. ಅಪ್ಪ ಊರಲ್ಲಿಲ್ಲ. ಹೊಳೆ ತುಂಬಿ ಬಂದಿದೆ, ಹೊತ್ತು ಇಳಿಯುತ್ತಿದೆ, ಆಚೆ ದಂಡೆಯಿಂದ ಯಾರೋ ಕೂಗುತ್ತಿದ್ದಾರೆ. ನಾನು ಬರುವ ತನಕ ದೋಣಿ ಮುಟ್ಟಬೇಡ ಎಂದು ಅಪ್ಪ ಹೇಳಿ ಹೋಗಿದ್ದಾನೆ. ಕೂಗುವವರ ದನಿ ಸಣ್ಣದಾಗುತ್ತಿದೆ. ‘ನೀಲವ್ವ ದೋಣಿಯ ಹಗ್ಗಕ್ಕೆ ಕೈ ಹಾಕಿದಳು’ ಎನ್ನುವಲ್ಲಿಗೆ ಪಾಠ ಮುಗಿದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಇಂಥ ಕಾದಂಬರಿಯಿಂದ ಆಯ್ದ ಭಾಗ ಎಂದು ಬರೆದಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ನೀಲವ್ವನ ಸ್ವಭಾವವನ್ನು ಐದು ವಾಕ್ಯಗಳಲ್ಲಿ ವರ್ಣಿಸಿರಿ ಎಂದಿತ್ತು.

ಇದನ್ನು ಓದಿದ ದಿನದಿಂದ ಆರಜೂಗೆ ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಗ್ಗ ಬಿಚ್ಚಿದಳೋ ಇಲ್ಲವೋ? ಬಿಚ್ಚಿದ್ದರೆ ಆಚೆ ದಂಡೆ ಮುಟ್ಟಿದಳೋ, ಅಥವಾ ನಡುನೀರಿನಲ್ಲಿ ಹೋದಳೋ? ಕೂಗಿದವರು ಯಾರು? ಒಬ್ಬ ಹುಡುಗಿಯನ್ನು ತುಂಬಿದ ಹೊಳೆಯ ಮುಂದೆ ನಿಲ್ಲಿಸಿ, ಆಮೇಲೆ ತಣ್ಣಗೆ ಅವಳ ಸ್ವಭಾವ ಕೇಳುವವರು ಎಂಥ ಮಂದಿ ಇರಬೇಕು ಎಂದು ಅವಳಿಗೆ ಸಿಟ್ಟು ಬಂದಿತು. ಐದು ವಾಕ್ಯಗಳ ಜಾಗದಲ್ಲಿ ಅವಳು, ‘ಮೊದಲು ಹಗ್ಗದ್ದು ಹೇಳಿರಿ’ ಎಂದು ಒಂದೇ ವಾಕ್ಯ ಬರೆದಳು. ಸೋಮನಿಂಗಪ್ಪ ಮಾಸ್ತರು ಅದಕ್ಕೆ ಕೆಂಪು ಶಾಯಿಯಲ್ಲಿ ಗೀಟು ಹಾಕಿದರು, ಆದರೆ ಹೊಡೆಯಲಿಲ್ಲ.

ತೊಂಬತ್ತೇಳನೆಯ ಇಸವಿಯ ಮಾತು ಇದು. ಉಟಗಿಯಿಂದ ಬಾಲಗಾಂವದ ಕಡೆ ಹೋಗುವ ಜೀಪುಗಳು ಮನಸ್ಸು ಬಂದರೆ ನಿಲ್ಲುವ, ಬಾರದಿದ್ದರೆ ಧೂಳು ಕೊಟ್ಟು ಹೋಗುವ ಊರು ಮಡ್ಡಿಹಾಳ. ಅಲ್ಲಿ ಹೊಳೆ ಇಲ್ಲ. ಒಂದು ಹಳ್ಳವಿದೆ, ಅದರಲ್ಲಿ ಕುರಿಗಳು ಕಾಲು ತೋಯಿಸದೆ ದಾಟುತ್ತವೆ. ಸರಕಾರ ಮಹಾರಾಷ್ಟ್ರದ್ದು, ಮನೆಮಾತು ಕನ್ನಡ, ಸಂತೆಯ ಮಾತು ಎರಡೂ. ಆರಜೂನ ಮನೆಯಲ್ಲಿ ಮೂರನೆಯದೂ ಒಂದಿತ್ತು. ಅವ್ವ ಕಾಸೀಂಬಿ ಪ್ರೀತಿ ಬಂದಾಗ ದಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದಳು, ಬೈಯುವಾಗ ಕನ್ನಡಕ್ಕೆ ಇಳಿಯುತ್ತಿದ್ದಳು.

ಊರ ಕನ್ನಡ ಸಾಲಿಗೆ ಪುಸ್ತಕಗಳು ಪುಣೆಯಲ್ಲಿ ಅಚ್ಚಾಗಿ ಬರಬೇಕು. ಅವು ಯಾವಾಗಲೂ ತಡ. ಹಾಗಾಗಿ ಹಿಂದಿನ ವರ್ಷ ಪಾಸಾದವರ ಪುಸ್ತಕ ಮುಂದಿನವರಿಗೆ ಇಳಿದು ಬರುತ್ತಿತ್ತು. ಆರಜೂಗೆ ಸಿಕ್ಕದ್ದು ಗೌಡರ ಮನೆಯ ರೂಪಾಲಿಯದು. ರೂಪಾಲಿ ಪರೀಕ್ಷೆಗೆ ಬರುವ ಸಾಲುಗಳಿಗೆ ಮಾತ್ರ ಗೆರೆ ಎಳೆದು, ಉಳಿದ ಜಾಗದಲ್ಲಿ ಹೂವು ಬಿಡಿಸಿದ್ದಳು. ನೀಲವ್ವನ ಪಾಠದ ಕೊನೆಯಲ್ಲಿ ಒಂದು ದೊಡ್ಡ ದಾಸವಾಳ ಇತ್ತು. ಆಕೆಗೆ ಹಗ್ಗದ ಚಿಂತೆ ಹತ್ತಿರಲೇ ಇಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಆರಜೂ ಪುಸ್ತಕಗಳನ್ನು ಜಗಳಕ್ಕೆ ನಿಂತವಳ ಹಾಗೆ ಓದುತ್ತಿದ್ದಳು. ಪಾಠಗಳಲ್ಲಿ ಹುಡುಗರಿಗೆ ದಾರಿಯಲ್ಲಿ ಹಣದ ಚೀಲಗಳು ಸಿಗುತ್ತವೆ, ಅವರು ಒಡೆಯನನ್ನು ಹುಡುಕಿ ಕೊಡುತ್ತಾರೆ, ಒಡೆಯ ಬೆನ್ನು ತಟ್ಟುತ್ತಾನೆ. ಅವಳು ಬಾಲಗಾಂವದ ದಾರಿಯಲ್ಲಿ ನೆಲ ನೋಡಿಕೊಂಡೇ ನಡೆದಳು. ಸಿಕ್ಕದ್ದು ಎತ್ತಿನ ಕಾಲಿನ ಒಂದು ಲಾಳ. ಅದನ್ನು ಯಾರಿಗೆ ಕೊಡಬೇಕು? ಪಾಠದ ತಾಯಂದಿರು ಒಲೆಯ ಮುಂದೆ ಕೂತು ಕಣ್ಣೀರು ಒರೆಸಿಕೊಳ್ಳುತ್ತಾರೆ. ಕಾಸೀಂಬಿ ಹತ್ತಿಯ ಅಂಡಿಗೆಯನ್ನು ಒಬ್ಬಳೇ ಹೆಗಲಿಗೆ ಏರಿಸುತ್ತಾಳೆ, ನಕ್ಕರೆ ಮೂರನೇ ಮನೆಗೆ ಕೇಳುತ್ತದೆ. ವಿಜ್ಞಾನದ ಪುಸ್ತಕ ‘ಮಾಡಿ ನೋಡಿರಿ’ ಎನ್ನುತ್ತದೆ. ಮಾಡಲಿಕ್ಕೆ ಬೇಕಾದ ಗಾಜಿನ ನಳಿಕೆ ಚಿತ್ರದಲ್ಲಿ ಮಾತ್ರ ಇದೆ. ಇನ್ನು ತಮ್ಮಂಥವರ ಮನೆ ಒಂದೇ ಒಂದು ಪಾಠದಲ್ಲಿ ಬರುತ್ತದೆ. ಅಲ್ಲಿ ಒಬ್ಬ ರಹೀಮ, ಗೆಳೆಯ ರಾಮಣ್ಣನಿಗೆ ಈದಿನ ದಿನ ಸುರಕುಂಬಾ ಕುಡಿಸುತ್ತಾನೆ. ಮರುದಿನದಿಂದ ರಹೀಮ ಏನು ಉಣ್ಣುತ್ತಾನೆ, ಯಾರ ಕೂಡ ಜಗಳಾಡುತ್ತಾನೆ, ಪುಸ್ತಕಕ್ಕೆ ಬೇಕಾಗಿಲ್ಲ.

ಇದನ್ನೆಲ್ಲ ಅವಳು ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ನೂರಮಹಮ್ಮದ ಹತ್ತಿ ಹಿಂಜಿ ಗಾದಿ ಮಾಡುವವನು, ಬಿಳೂರ ತನಕ ಹೆಗಲ ಮೇಲೆ ಕಮಾನು ಹೊತ್ತು ಹೋಗುವವನು. ಕಮಾನಿನ ತಂತಿ ಮೀಟುತ್ತ, ಹಾರುವ ಹತ್ತಿಯ ನಡುವೆ ಕೂತು, ಅವನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ನೀಲವ್ವನದು ಹೇಳಿದಾಗ ಮಾತ್ರ ತಂತಿ ನಿಲ್ಲಿಸಿದ.

“ದೋಣಿ ಬಿಟ್ಟಿರಬೇಕು” ಎಂದ.

“ಬಿಟ್ಟ ಮ್ಯಾಲ?”

“ದಾಟಿರಬೇಕು. ದಾಟಬೇಕಲ್ಲ ಮಗಳ, ಎಷ್ಟಂತ ದಂಡಿಮ್ಯಾಲ ನಿಂದ್ರತಾಳ?”

ಅವನು ನೀಲವ್ವನ ಬಗ್ಗೆ ಹೇಳುತ್ತಿಲ್ಲ ಎಂಬುದು ಅವಳಿಗೆ ತಿಳಿಯಿತು. ಊರ ಸಾಲಿ ಏಳನೆಯದಕ್ಕೆ ಮುಗಿಯುತ್ತದೆ. ಬರುವ ಜೂನಿನಿಂದ ಆರಜೂ ಮಿರಜಿಗೆ, ಅಪ್ಪನ ಅಕ್ಕನ ಮನೆಗೆ, ಅಲ್ಲಿಯ ಮರಾಠಿ ಹೈಸ್ಕೂಲಿಗೆ. ಇದು ಮೊಹರಮ್ಮಿನ ಹೊತ್ತಿಗೇ ತೀರ್ಮಾನವಾಗಿತ್ತು. ಮಹಾರಾಷ್ಟ್ರದಾಗ ಇದ್ದು ಮರಾಠಿ ಓದಲಿಲ್ಲಂದ್ರ ನಾಳಿಗಿ ಯಾರ ಕೇಳತಾರ ಎಂದು ಅಪ್ಪ ಕೇಳಿದ್ದ. ಅವಳಿಗೆ ಹೋಗಬಾರದು ಅಂತೇನೂ ಇರಲಿಲ್ಲ, ಹೋಗಬೇಕೆಂದೂ ಇರಲಿಲ್ಲ. ಹೀಗೆ ದಾಟಿ ಹೋದವಳು ಏನಾಗುತ್ತಾಳೆ ಎಂದು ಯಾರಾದರೂ ಮೊದಲೇ ಹೇಳಿಬಿಟ್ಟರೆ ಸಾಕು ಅನ್ನಿಸುತ್ತಿತ್ತು. ಹೇಳಬಲ್ಲವಳು ಒಬ್ಬಳೇ ಇದ್ದಳು. ಅವಳೋ ಹಗ್ಗಕ್ಕೆ ಕೈ ಹಾಕಿ ನಿಂತಿದ್ದಳು.

ಆ ಕಾದಂಬರಿ ಊರಲ್ಲೇ ಇತ್ತು ಎಂಬುದು ಇನ್ನೂ ದೊಡ್ಡ ಸಂಕಟ. ದೀಪಾವಳಿಯ ಸೂಟಿಯಲ್ಲಿ ಸಾಲಿಗೆ ಸುಣ್ಣ ಬಳಿಯುವಾಗ ಮಾಸ್ತರ ಕೋಣೆಯ ಕಬ್ಬಿಣದ ಟ್ರಂಕು ಹೊರಗೆ ಬಂದಿತ್ತು. ಒಳಗೆ ಗ್ರಂಥಾಲಯ. ಯಾವುದೋ ಯೋಜನೆಯಲ್ಲಿ ಬಂದ ಕನ್ನಡ ಪುಸ್ತಕಗಳು, ಬೇವಿನ ಸೊಪ್ಪಿನ ನಡುವೆ ಹೊಸದಾಗಿಯೇ ಮಲಗಿದ್ದವು. ಮೇಲಿಂದ ಎರಡನೆಯದರ ಮೈಮೇಲೆ, ಪಾಠದ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಅದೇ ಹೆಸರು. ಆರಜೂ ಕೈ ಚಾಚುವಷ್ಟರಲ್ಲಿ ಮಾಸ್ತರು ಮುಚ್ಚಳ ಮುಚ್ಚಿದರು.

“ಹರಿತಾವವಾ. ತಪಾಸಣಿ ಆಗಲಿ ತಡಿ, ಆಮ್ಯಾಲ ಕೊಡೂಣು.”

ಹಿಂದಿನ ತಪಾಸಣೆಯ ಮೊದಲೂ ಅವರು ಇದನ್ನೇ ಹೇಳಿದ್ದರು. ಮಾಸ್ತರು ಕೆಟ್ಟವರಲ್ಲ. ಒಂದನೆಯದರಲ್ಲಿ ದಖನಿ ಬಿಟ್ಟು ಬೇರೆ ಮಾತು ಸರಿಯಾಗಿ ಬಾರದ ಆರಜೂನ ಬೆರಳು ಹಿಡಿದು ಮರಳಿನಲ್ಲಿ ಅಕ್ಷರ ತಿದ್ದಿಸಿದವರು ಅವರೇ. ಆದರೆ ಹಿಂದಿನ ಹೆಡ್‌ಮಾಸ್ತರು ಕಳೆದ ಒಂದು ಪುಸ್ತಕಕ್ಕಾಗಿ ಜತ್ತಿನ ತಾಲೂಕು ಕಚೇರಿಗೆ ಓಡಾಡಿ ಓಡಾಡಿ ಸಣ್ಣಾದದ್ದನ್ನು ಇವರು ಕಣ್ಣಾರೆ ಕಂಡಿದ್ದರು. ಓದಿದ ಪುಸ್ತಕ ಹಳೆಯದಾಗುತ್ತದೆ, ಹಳೆಯದಾದದ್ದಕ್ಕೆ ಜವಾಬು ಕೊಡಬೇಕು. ಓದದ ಪುಸ್ತಕ ಯಾವ ತಕರಾರೂ ಮಾಡುವುದಿಲ್ಲ.

ಫೆಬ್ರುವರಿಯಲ್ಲಿ ತಪಾಸಣೆಯ ಸುದ್ದಿ ಬಂತು. ಈ ಸಲ ಒಬ್ಬ ವಿದ್ಯಾರ್ಥಿ ಎದ್ದು ‘ನಾನು ಓದಿದ ಪುಸ್ತಕಗಳು’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕಂತೆ. ಮಾಸ್ತರು ಆರಜೂನನ್ನು ಆರಿಸಿದರು, ಮಾತನ್ನೂ ಅವರೇ ಬರೆದು ಕೊಟ್ಟರು. ಪುಸ್ತಕಗಳು ನಮ್ಮ ಗೆಳೆಯರು, ಪುಸ್ತಕಗಳು ದಾರಿದೀಪ, ಹೀಗೇ ಸಾಗಿತ್ತು ಅದು. ಅವಳು ಬಾಯಿಪಾಠ ಮಾಡಿ ಒಪ್ಪಿಸಿದಳು. ಮಾಸ್ತರು ಖುಷಿಯಾದರು.

ಮನಸ್ಸಿನಲ್ಲಿ ಅವಳು ಬೇರೆಯದನ್ನೇ ಸಿದ್ಧ ಮಾಡಿಕೊಳ್ಳುತ್ತಿದ್ದಳು. ತಪಾಸಣೆಗೆ ಬರುವ ಸಾಹೇಬರ ಮುಂದೆ ನಿಂತು ಟ್ರಂಕಿನ ವಿಷಯ ಹೇಳಿಬಿಡುವುದು. ಸಾಹೇಬರು ತೆಗೆಯಿರಿ ಎಂದರೆ ಮಾಸ್ತರು ತೆಗೆಯಲೇಬೇಕು. ದನ ಕಟ್ಟುವಾಗ, ನೀರು ಸೇದುವಾಗ, ಹತ್ತಿಯ ಬೀಜ ಆರಿಸುವಾಗ ತುಟಿ ಅಲ್ಲಾಡುತ್ತಲೇ ಇತ್ತು. ಈ ಹುಡುಗಿಗೆ ಗಾಳಿ ಮೆಟ್ಟಿದೆಯೇನೋ ಎಂದು ಕಾಸೀಂಬಿ ಒಂದು ಸಂಜೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದರು.

ಇಷ್ಟೆಲ್ಲ ಯೋಚಿಸಿದವಳು ಮರೆತದ್ದು ಒಂದನ್ನು. ಬರುವ ಸಾಹೇಬರಿಗೆ ಕನ್ನಡ ಬಾರದು.

ಆ ಸಾಲಿಯಲ್ಲಿ ತಪಾಸಣೆ ನಡೆಯುತ್ತಿದ್ದ ರೀತಿಯೇ ಅದು. ಜತ್ತಿನಿಂದ ಬರುವ ಸಾಹೇಬರು ಮರಾಠಿಯವರು. ಕನ್ನಡ ಸಾಲಿ ಎಂದ ಮೇಲೆ ಮಕ್ಕಳು ಕನ್ನಡದಲ್ಲೇ ಹೇಳಬೇಕು, ಮಾಸ್ತರು ಅದನ್ನು ಮರಾಠಿಗೆ ದಾಟಿಸಬೇಕು. ಕೋಣೆಯಲ್ಲಿ ಕೂತ ಎಲ್ಲರಿಗೂ ಎರಡೂ ಬರುತ್ತದೆ, ಸಾಹೇಬರೊಬ್ಬರನ್ನು ಬಿಟ್ಟು. ಹಿಂದಿನ ವರ್ಷ ಶಿದ್ರಾಯ ಏಳೆಂಟಲೆ ಐವತ್ನಾಲ್ಕು ಎಂದಾಗ ಮಾಸ್ತರು ಮರಾಠಿಯಲ್ಲಿ ಐವತ್ತಾರು ಎಂದು ದಾಟಿಸಿದ್ದರು. ಸಾಹೇಬರು ಶಾಬ್ಬಾಸ್ ಎಂದರು. ಹುಡುಗರು ಹಲ್ಲು ಕಚ್ಚಿ ನಗು ನುಂಗಿದರು, ಯಾರೂ ಬಾಯಿ ಬಿಡಲಿಲ್ಲ. ಊರ ಸಾಲಿಯ ಮಾನ ಎಂಬುದು ಮಾಸ್ತರದೂ ಹೌದು, ಅವರದೂ ಹೌದು.

ಸಾಹೇಬರು ಜೀಪಿನಿಂದ ಇಳಿದಾಗ ಬಿಸಿಲು ಏರಿತ್ತು. ದಪ್ಪ ಕನ್ನಡಕ, ಮೆತ್ತನೆಯ ಮಾತು. ಹಾರ, ಟೆಂಗಿನಕಾಯಿ, ಸ್ವಾಗತಗೀತೆ ಆದವು. ಲಗಮಣ್ಣ ಭೂಗೋಳ ಹೇಳಿದ, ಮಾಸ್ತರು ದಾಟಿಸಿದರು. ಆಮೇಲೆ ಆರಜೂ ಎದ್ದಳು. ಮಾತು ನಡುಗಲಿಲ್ಲ.

“ನಾನು ಓದಿದ ಪುಸ್ತಕಗಳು. ನಾನು ಓದಿದ ಪುಸ್ತಕ ಎಲ್ಲಾ ಅರ್ಧ ಅದಾವ್ರಿ. ಪಾಠದಾಗ ಕಥಿ ಅರ್ಧಕ್ಕ ಮುಗೀತಾವು. ಉಳಿದಿದ್ದ ಟ್ರಂಕಿನ್ಯಾಗ ಐತ್ರಿ. ಟ್ರಂಕಿಗಿ ಕೀಲಿ ಐತ್ರಿ. ನಾವು ಯಾರೂ ಒಂದ ಪುಸ್ತಕನೂ ಮುಟ್ಟಿಲ್ರಿ. ನಾ ಜೂನದಾಗ ಊರ ಬಿಟ್ಟ ಹೋಗಾಕಿ. ಅದಕ್ಕ ಮೊದಲ ನನಗ ನೀಲವ್ವಂದು ಗೊತ್ತಾಗಬೇಕ್ರಿ.”

ಸಾಹೇಬರು ನಗುಮುಖದಿಂದ ಮಾಸ್ತರ ಕಡೆ ತಿರುಗಿದರು. ಮಾಸ್ತರು, ಈ ಹುಡುಗಿಗೆ ಪಾಠಗಳೆಂದರೆ ಪ್ರಾಣ, ಪಾಠಗಳು ಸಾಲದೆ ನಮ್ಮ ಗ್ರಂಥಾಲಯದ ಪುಸ್ತಕಗಳನ್ನೂ ಓದಿ ಮುಗಿಸಿದ್ದಾಳೆ, ಊರು ಬಿಡುವಾಗ ಇವನ್ನು ಬಿಟ್ಟು ಹೋಗಬೇಕಲ್ಲ ಎಂದು ದುಃಖಪಡುತ್ತಾಳೆ ಎಂದು ಚಂದದ ಮರಾಠಿಯಲ್ಲಿ ಹೇಳಿದರು.

ಆರಜೂನ ಕಿವಿ ಕಾದುಹೋಯಿತು. ತನ್ನ ಮಾತು ತನ್ನ ಕಣ್ಣೆದುರಿಗೇ ಬೇರೆಯಾಗಿ ಹೊರಬಿದ್ದಿತ್ತು. ಇಷ್ಟು ದಿನ ಇದನ್ನೇ ತಾನೂ ಬೆಂಚಿನ ಮೇಲೆ ಕೂತು ನಕ್ಕು ನೋಡಿದ್ದಳಲ್ಲ ಎಂದು ಮೈ ಉರಿಯಿತು.

ಸಾಹೇಬರು ಅವಳನ್ನು ಹತ್ತಿರ ಕರೆದರು. “ಮರಾಠಿ ಬರುತ್ತದೇನು?” ಎಂದು ಮರಾಠಿಯಲ್ಲೇ ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. “ಹಾಗಾದರೆ ಗ್ರಂಥಾಲಯದಲ್ಲಿ ನಿನಗೆ ಎಲ್ಲಕ್ಕಿಂತ ಸೇರಿದ ಪುಸ್ತಕ ಯಾವುದು, ನೀನೇ ಹೇಳು.”

ಇಗೋ ಸಮಯ ಬಂತು. ಸಂತೆಯಲ್ಲಿ, ಎಸ್‌ಟಿ ಬಸ್ಸಿನಲ್ಲಿ, ರೇಡಿಯೋದಲ್ಲಿ ಕಲಿತ ಮರಾಠಿ ಅವಳ ನಾಲಿಗೆಯ ತುದಿಯಲ್ಲಿತ್ತು. ಓದಿಲ್ಲ ಸಾಹೇಬ ಎಂದರೆ ಮುಗಿಯಿತು. ಅವಳು ಮಾಸ್ತರ ಕಡೆ ನೋಡಿದಳು. ಅವರು ಕಿಡಕಿಯ ಹೊರಗೆ ನೋಡುತ್ತಿದ್ದರು, ಕುತ್ತಿಗೆಯ ಮೇಲೆ ಬೆವರು ಇಳಿದು ಇಸ್ತ್ರಿಯ ಅಂಗಿಯೊಳಗೆ ಹೋಗುತ್ತಿತ್ತು. ಮರಳಿನಲ್ಲಿ ತನ್ನ ಬೆರಳು ಹಿಡಿದಿದ್ದ ಕೈ ಈಗ ಕಡ್ಡಿಪೆಟ್ಟಿಗೆಯೊಂದನ್ನು ತಿರುಗಿಸುತ್ತಿತ್ತು. ಅವಳಿಗೆ ಸಿಟ್ಟು ಇಳಿಯಲಿಲ್ಲ. ಆದರೆ ಆ ಮನುಷ್ಯನನ್ನು ಈ ಸಾಹೇಬರ ಮುಂದೆ ನಿಲ್ಲಿಸಿ ಬಿಟ್ಟುಬಿಡಲೂ ಆಗಲಿಲ್ಲ.

ಅವಳು ಮರಾಠಿಯಲ್ಲೇ ನೀಲವ್ವನ ಕಥೆ ಹೇಳಿದಳು. ಹಗ್ಗದ ತನಕ ಪಾಠದಲ್ಲಿದ್ದದ್ದು. ಆಮೇಲೆ ನಿಲ್ಲಲಾಗಲಿಲ್ಲ, ಬಾಯಿ ಮುಂದೆ ಹೋಯಿತು. ನೀಲವ್ವ ಹಗ್ಗ ಬಿಚ್ಚಿದಳು. ಆಚೆ ದಂಡೆಯಲ್ಲಿ ಜ್ವರದಿಂದ ಬಿದ್ದು ಕೂಗುತ್ತಿದ್ದವನು ಅವಳ ಅಪ್ಪನೇ. ಅವನನ್ನು ದೋಣಿಗೆ ಹಾಕಿಕೊಂಡು ತಿರುಗಿ ಬಂದಳು. ಬೈಯಬೇಕಾದ ಅಪ್ಪ ಬೈಯದೆ, ಮರುದಿನ ದೋಣಿಯ ಹುಟ್ಟನ್ನು ಅವಳ ಕೈಗೇ ಕೊಟ್ಟ. ಹೇಳುತ್ತ ಹೇಳುತ್ತ ಅವಳಿಗೇ ಕಣ್ಣು ತುಂಬಿತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

“ಆ ಪುಸ್ತಕ ತರಿಸಿರಿ ಗುರೂಜಿ” ಎಂದರು. “ನನಗೆ ಓದಲು ಬಾರದು, ಆದರೂ ಒಂದು ಸಲ ಕೈಯಲ್ಲಿ ಹಿಡಿಯಬೇಕು.”

ಮಾಸ್ತರು ಕಿಸೆ ತಡಕಿ ಕೀಲಿ ತೆಗೆದರು. ಟ್ರಂಕು ಕಿರ್ರೆಂದಿತು, ಬೇವಿನ ವಾಸನೆ ಕೋಣೆಗೆ ಹರಡಿತು. ಪುಸ್ತಕ ಸಾಹೇಬರ ಕೈಗೆ ಬಂತು. ಅವರು ಅದನ್ನು ತೆರೆದು ಹಾಳೆ ತಿರುಗಿಸಲು ಹೋದರು. ತಿರುಗಲಿಲ್ಲ. ಎರಡೆರಡು ಹಾಳೆ ಮೇಲಿನ ಅಂಚಿನಲ್ಲಿ ಕೂಡಿಕೊಂಡೇ ಇದ್ದವು. ಆಗಿನ ಕೆಲವು ಪುಸ್ತಕ ಹಾಗೇ ಬರುತ್ತಿದ್ದವು. ಅಚ್ಚಿನ ದೊಡ್ಡ ಹಾಳೆಯನ್ನು ಮಡಚಿ ಹೊಲಿದುಬಿಡುತ್ತಿದ್ದರು, ಮಡಿಕೆಯನ್ನು ಓದುವವರೇ ಬ್ಲೇಡಿನಿಂದ ಬಿಡಿಸಿಕೊಳ್ಳಬೇಕು. ಈ ಪುಸ್ತಕದ ಒಂದು ಮಡಿಕೆಯನ್ನೂ ಯಾರೂ ಬಿಡಿಸಿರಲಿಲ್ಲ. ಕನ್ನಡದ ಒಂದಕ್ಷರ ಬಾರದ ಸಾಹೇಬರಿಗೂ ಅಷ್ಟು ತಿಳಿಯಿತು.

“ಇದನ್ನು ಇವಳು ಹೇಗೆ ಓದಿದಳು?” ಎಂದು ಮಾಸ್ತರನ್ನು ಕೇಳಿದರು. ದನಿ ಮೆತ್ತಗೇ ಇತ್ತು.

ಮಾಸ್ತರಿಗೆ ಆ ಗಳಿಗೆಯಲ್ಲಿ ಕಲಿತ ಮರಾಠಿಯೆಲ್ಲ ಮರೆತುಹೋಯಿತು. ಬಾಯಿ ತೆರೆದರೆ ಬಂದದ್ದು ಕನ್ನಡ.

“ಓದಿಲ್ರಿ ಸಾಹೇಬ್ರ. ಯಾರೂ ಓದಿಲ್ರಿ. ಈ ಪಾಠ ವರ್ಷಾ ಹೇಳತೀನಿ, ನಾನೂ ಓದಿಲ್ರಿ. ಹರಿದ್ರ ನನ್ನ ಕುತಿಗಿಗಿ ಬರತೈತಂತ ಕೀಲಿ ಹಾಕೇನ್ರಿ.”

ಸಾಹೇಬರಿಗೆ ಒಂದೂ ತಿಳಿಯಲಿಲ್ಲ. ಅವರು ಆರಜೂನ ಕಡೆ ತಿರುಗಿದರು. “ಕಾಯ್ ಮ್ಹಣತಾತ ಗುರೂಜಿ?” ಗುರುಗಳು ಏನು ಹೇಳುತ್ತಾರೆ?

ಇಡೀ ಸಾಲಿ ಅವಳ ಬಾಯಿ ನೋಡಿತು. ಮಾಸ್ತರೂ ನೋಡಿದರು.

“ಗುರುಗಳು ಹೇಳುತ್ತಾರೆ” ಎಂದು ಮರಾಠಿಯಲ್ಲಿ ಶುರುಮಾಡಿದಳು. “ಪಾಠದಲ್ಲಿ ಹಗ್ಗದ ತನಕ ಇದೆ. ಮುಂದಿನದನ್ನು ನೀವೇ ಯೋಚಿಸಿ ಬನ್ನಿ ಎಂದು ನಮಗೆ ಹೇಳಿದ್ದರು. ನಾನು ಹೇಳಿದ ಕೊನೆ ನಾನು ಕಟ್ಟಿದ್ದು. ಸರಿಯೋ ತಪ್ಪೋ ನೋಡಲಿಕ್ಕೆ ಮೊದಲ ಮಡಿಕೆಯನ್ನು ಸಾಹೇಬರ ಕೈಯಿಂದ ಬಿಡಿಸಬೇಕೆಂದು ಇಟ್ಟಿದ್ದರು. ಇವತ್ತಿನಿಂದ ಟ್ರಂಕಿಗೆ ಕೀಲಿ ಇಲ್ಲವಂತೆ. ಬೇಕಾದವರು ಬೇಕಾದ್ದನ್ನು ಮನೆಗೆ ಒಯ್ಯಬಹುದಂತೆ. ಹರಿದರೂ ನಡೆಯುತ್ತದಂತೆ.”

ಹಿಂದಿನ ಬೆಂಚಿನಲ್ಲಿ ಶಿದ್ರಾಯ ತನ್ನ ತೋಳು ತಾನೇ ಕಚ್ಚಿಕೊಂಡ. ಮಾಸ್ತರು ಬೆಪ್ಪಾಗಿ ನಿಂತಿದ್ದರು. ಅಲ್ಲ ಎನ್ನುವಂತಿಲ್ಲ, ಹೌದು ಎನ್ನುವಷ್ಟು ಧೈರ್ಯವಿಲ್ಲ. ಸಾಹೇಬರು ಅವಳನ್ನು ನೋಡಿದರು, ಮಾಸ್ತರನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಎಷ್ಟು ತಿಳಿಯಿತೋ ಏನೋ, ಮೀಸೆಯೊಳಗೇ ನಕ್ಕರು.

“ಬ್ಲೇಡ್ ಕೊಡಿ” ಎಂದರು.

ಶಿದ್ರಾಯನ ಕಂಪಾಸಪೆಟ್ಟಿಗೆಯಿಂದ ಪೆನ್ಸಿಲ್ ಕೆತ್ತುವ ಬ್ಲೇಡು ಬಂತು. ಸಾಹೇಬರು ಮೊದಲ ಮಡಿಕೆ ಬಿಡಿಸಿದರು, ಪುಸ್ತಕವನ್ನು ಆರಜೂನ ಕೈಗೆ ಕೊಟ್ಟರು, ಚಹಾ ಕುಡಿದರು, ಹೋದರು.

ಜೀಪಿನ ಧೂಳು ಇಳಿದ ಮೇಲೆ ಮಾಸ್ತರು ಬಂದು ಟ್ರಂಕಿನ ಮೇಲೆಯೇ ಕುಳಿತರು.

“ಭಾಳ ಶಾಣ್ಯಾಕಿ ಆಗೀದಿ” ಎಂದರು. ಆಮೇಲೆ ಕೈ ಚಾಚಿದರು. “ತಾ ಇಲ್ಲಿ. ಬಿಡಸ್ತೀನಿ, ನೀ ಹರೀತಿ.”

ಮಕ್ಕಳು ಸುತ್ತ ಮುತ್ತಿಕೊಂಡರು. ಮಾಸ್ತರು ಬ್ಲೇಡಿನಿಂದ ಮಡಿಕೆ ಬಿಡಿಸುತ್ತ ಹೋದರು, ಹಾಳೆಯ ಪುಡಿ ಧೋತರದ ಮೇಲೆ ಉದುರಿತು. ಹಗ್ಗಕ್ಕೆ ಕೈ ಹಾಕಿದ ಸಾಲು ಸಿಕ್ಕಿತು. ಮಾಸ್ತರು ಹಾಳೆ ತಿರುವಿ ಗಟ್ಟಿಯಾಗಿ ಓದಿದರು. ಮುಂದಿನ ಅಧ್ಯಾಯ ‘ಇದಾಗಿ ಹತ್ತು ಮಳೆಗಾಲ ಕಳೆದವು’ ಎಂದು ಶುರುವಾಯಿತು. ಅದರಲ್ಲಿ ಸಾಹುಕಾರನ ಮಗನ ಮದುವೆ. ಅದರ ಮುಂದಿನದರಲ್ಲಿ ಆಸ್ತಿಯ ವ್ಯಾಜ್ಯ. ಮಾಸ್ತರು ಲಗೂನ ಲಗೂನ ಕಣ್ಣಾಡಿಸಿದರು, ಬಿಡಿಸಿದರು, ತಿರುವಿದರು. ಕೊನೆಯ ಹತ್ತಿರ ಒಂದು ಕಡೆ ಬೆರಳು ನಿಂತಿತು. ‘ಅಂಬಿಗನ ಮಗಳು ಅಂದು ದೋಣಿಯೊಂದಿಗೆ ಹೋದವಳು ಎತ್ತ ಹೋದಳೆಂದು ಊರಿಗೆ ತಿಳಿಯಲಿಲ್ಲ. ಬರಬರುತ್ತ ಊರೂ ಕೇಳುವುದನ್ನು ಬಿಟ್ಟಿತು.’ ಅಷ್ಟೇ. ಮತ್ತೆ ಅವಳ ಹೆಸರು ಎಲ್ಲೂ ಬರಲಿಲ್ಲ.

ಸಾಹೇಬರ ಮುಂದೆ ನಡುಗದ ದನಿ ಈಗ ನಡುಗಿತು. “ಮರತಬಿಟ್ಟಾರ್ರಿ. ಅಷ್ಟ ಹೊಳಿ ದಾಟಿ ಹ್ವಾದಾಕೀನ ಮರತಬಿಟ್ಟಾರ್ರಿ.”

“ನೀ ಹೇಳಿದ್ದ ಚಲೋ ಇತ್ತಲ್ಲವಾ.”

“ಅದು ಸುಳ್ಳರಿ. ನಾ ಕಟ್ಟಿದ್ದರಿ.”

“ಇದೂ ಯಾರೋ ಕಟ್ಟಿದ್ದ ಐತಿ, ತಂಗಿ. ಅವರಿಗಿ ಸಾಹುಕಾರನ ಮಗ ಬೇಕಾಗಿದ್ದ, ಆಕೀನ ಬಿಟ್ಟರು.”

ಆರಜೂ ಕಣ್ಣೊರೆಸಿಕೊಂಡಳು. ಇಡೀ ವರ್ಷ ಒಳಗೇ ತಿರುಗುತ್ತಿದ್ದದ್ದು ಕೊನೆಗೆ ಹೊರಗೆ ಬಂತು.

“ನಾ ಮಿರಜಿಗಿ ಹ್ವಾದ್ರ, ಸರ, ನೀವೂ ಕೇಳೂದ ಬಿಡತೀರೇನ್ರಿ?”

ಮಾಸ್ತರು ಬಗ್ಗಿ ಟ್ರಂಕಿನ ಕೀಲಿಯನ್ನು ಎತ್ತಿ, ಅದನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡು, ಕೊನೆಗೆ ಅಂಗಿಯ ಕಿಸೆಗೆ ಹಾಕಿಕೊಂಡರು.

ಜೂನಿನಲ್ಲಿ ಅವಳು ಹೋದಳು. ಮಿರಜಿನ ಸಾಲಿ ದೊಡ್ಡದು, ಪುಸ್ತಕಗಳು ಹೊಸವು, ಅವುಗಳಲ್ಲಿ ಯಾರೂ ದಾಸವಾಳ ಬಿಡಿಸಿರಲಿಲ್ಲ. ಅವಳ ಮರಾಠಿ ಕೇಳಿ ಹುಡುಗಿಯರು ಕಾನಡಿ ಬಂದಳು, ಕಾನಡಿ ಬಂದಳು ಎಂದು ನಕ್ಕರು. ಮೊದಲ ದಿನವೇ ಶಿಕ್ಷಕಿ ಹಾಜರಿ ಕರೆಯುತ್ತ, ನೀನು ಯಾರ ಪೈಕಿ, ಎಲ್ಲಿಯವಳು ಎಂದು ಕೇಳಿದರು. ಊರ ಹೆಸರು ಹೇಳಿದರೆ ಯಾರಿಗೂ ಗೊತ್ತಿಲ್ಲ, ಜತ್ತ ಎಂದರೆ ಮೂಗು ಮುರಿದರು. ಅಲ್ಲಿಯೂ ಅವಳು ಪಾಠಗಳನ್ನು ಜಗಳಕ್ಕೆ ನಿಂತೇ ಓದಿದಳು. ಅಲ್ಲಿಯೂ ಕಥೆಗಳು ಅರ್ಧಕ್ಕೇ ಮುಗಿಯುತ್ತಿದ್ದವು. ಆದರೆ ಅವುಗಳ ಮುಂದಿನದನ್ನು ಕೇಳಲು ಅವಳಿಗೆ ಯಾರೂ ಸಿಗಲಿಲ್ಲ. ಸಂಜೆ ಅತ್ತೆಯ ಮನೆಯ ಮಾಳಿಗೆಯಿಂದ ಎಸ್‌ಟಿ ಸ್ಟ್ಯಾಂಡಿನ ಕಡೆ ನೋಡುತ್ತ ನಿಲ್ಲುತ್ತಿದ್ದಳು. ಈ ಹೊತ್ತಿಗೆ ಊರು ತನ್ನನ್ನು ಕೇಳುವುದು ಬಿಟ್ಟಿರಬೇಕು ಎಂದುಕೊಳ್ಳುತ್ತಿದ್ದಳು. ಹಾಗೆ ಅಂದುಕೊಂಡ ದಿನ ಊಟ ಸೇರುತ್ತಿರಲಿಲ್ಲ.

ದೀಪಾವಳಿಯ ಸೂಟಿಗೆ ಊರಿಗೆ ಬಂದಳು. ಜೀಪು ಇಳಿದರೆ ಬೇವಿನ ಕಟ್ಟೆಯ ಮೇಲೆ ತಮ್ಮ ಫರದೀನ ಒಬ್ಬನೇ ಇರಲಿಲ್ಲ. ಈ ವರ್ಷದ ಏಳನೆಯ ಇಯತ್ತೆ ಪೂರ್ತಿ ಬಂದು ಕೂತಿತ್ತು. ರೇವಪ್ಪನ ಮಗ ಈಶ್ವರ ಎಲ್ಲರಿಗಿಂತ ಮುಂದೆ ನಿಂತಿದ್ದ. ಅವನ ಬಗಲಲ್ಲಿ ಆ ಕಾದಂಬರಿ ಇತ್ತು. ಹೊದಿಕೆ ಹರಿದಿತ್ತು, ಮೂಲೆಗಳು ಮಡಚಿದ್ದವು, ಬೆನ್ನಿಗೆ ಯಾರೋ ಗಾದಿಯ ದಾರ ಹಾಕಿ ಹೊಲಿದಿದ್ದರು. ಹೊಲಿಗೆ ಅಪ್ಪನದೆಂದು ಅವಳಿಗೆ ದೂರದಿಂದಲೇ ಗೊತ್ತಾಯಿತು.

“ಅಕ್ಕಾ, ಗುರುಗಳು ಪಾಠ ಹಗ್ಗಕ್ಕ ನಿಲ್ಲಿಸ್ಯಾರ” ಎಂದ ಈಶ್ವರ. “ಪಾಠದ ಕೆಳಗ ಈ ಪುಸ್ತಕದ ಹೆಸರ ಐತಿ, ನೋಡಿದ್ರ ಇದರಾಗ ಇಲ್ಲ. ಕೇಳಿದ್ರ, ಮುಂದಿಂದು ಆರಜೂಗ ಗೊತ್ತೈತಿ, ದೀಪಾವಳಿಗಿ ಬರತಾಳ, ಆಕೀನ ಕೇಳ್ರಿ ಅಂದ್ರು. ದಿನಾ ಹೇಳತಾರ.”

“ದಿನಾ?”

“ದಿನಾ. ಯಾವಾಗ ಬರತಾಳಂತ ಫರದೀನಗ ದಿನಾ ಕೇಳತಾರ.”

ಆರಜೂ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಳು. ಸಾಹೇಬರಿಗೆ ಹೇಳಿದ್ದನ್ನೇ ಹೇಳಬಹುದಿತ್ತು. ಜ್ವರದ ಅಪ್ಪ, ತಿರುಗಿ ಬಂದ ದೋಣಿ, ಎಲ್ಲ ಸಿದ್ಧವಾಗಿಯೇ ಇತ್ತು. ಆದರೆ ಅದು ದಂಡೆ ಬಿಡುವ ಮೊದಲು ಕಟ್ಟಿದ ಕಥೆ.

“ಹಗ್ಗ ಬಿಚ್ಚಿದಳು” ಎಂದಳು.

“ಹೂಂ.”

“ದಾಟಿದಳು. ಹೋಗೂದರಾಗ ಕೂಗಿದವರು ಹೋಗಿಬಿಟ್ಟಿದ್ರು. ಬ್ಯಾರೆ ಮಂದಿ ನಿಂತಿದ್ರು. ಆಕಿ ಮಾತ ಕೇಳಿ ನಕ್ಕರು. ನೀ ಯಾರಾಕಿ, ಎಲ್ಲ್ಯಾಕಿ ಅಂತ ಕೇಳಿದ್ರು.”

“ಆಕಿ ಏನಂದಳು?”

“ಮೊದಲ ಏನೂ ಅನಲಿಲ್ಲ. ಅತ್ತಳು. ತಿರುಗಿ ಈ ದಂಡೀಗಿ ನೋಡಿದಳು.”

“ಈ ದಂಡ್ಯಾಗ ಯಾರ ಇದ್ರು?”

ಆರಜೂ ಕಟ್ಟೆಯ ಮೇಲಿನ ಮುಖಗಳನ್ನು ನೋಡಿದಳು. ಅವುಗಳ ಆಚೆ, ಸಾಲಿಯ ಬಾಗಿಲಲ್ಲಿ, ಸೂಟಿ ಇದ್ದರೂ ಧೋತರದ ಚುಂಗು ಹಿಡಿದು ಮಾಸ್ತರು ಈ ಕಡೆಯೇ ನೋಡುತ್ತ ನಿಂತಿದ್ದರು.

“ಎಲ್ಲಾರೂ ಇದ್ರು” ಎಂದಳು. “ಅದನ್ನ ನೋಡಿ ಕಣ್ಣೀರ ಒರಸಿಕೊಂಡು ಆ ಮಂದಿಗಿ ಹೇಳಿದಳು, ನಾ ದೋಣಿ ನಡಸಾಕಿ ಅಂತ.”